ಡಿಲೀಟ್ ಮಾಡಿದ್ದೀನಲ್ಲಪ್ಪ!

ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ಯಾರು ಬಂದರೂ ನಾನು ಮೊದಲು ಕೇಳುವುದು ಒಂದೇ ಮಾತು: "ಬುಟ್ಟಿ ಖಾಲಿ ಮಾಡಿದ್ರಾ?" ಈ ಪ್ರಶ್ನೆ ಕೇಳಿದರೆ ಯಾಕೋ ಜನಕ್ಕೆ ಅವಮಾನವಾಗುತ್ತದೆ. ನಮ್ಮ ಪಕ್ಕದ ಮನೆ ಮೇಷ್ಟ್ರಂತೂ ಕಾಂಪೌಂಡ್ ಗೋಡೆಯ ಆಚೆ ನಿಂತು, ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಮೂಗಿಗೇರಿಸಿ, "ಡಿಲೀಟ್ ಮಾಡಿದ್ದೀನಲ್ಲಪ್ಪ! ಇನ್ನೇನು ಖಾಲಿ ಮಾಡೋದು?" ಅಂದರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕಳೆದರೆ ಕಡಿಮೆಯಾಗಬೇಕು ಅನ್ನುವುದು ಅವರ ಜೀವಮಾನದ ನಂಬಿಕೆ. ಮದುವೆಯ ವಿಡಿಯೊ, ಗೃಹಪ್ರವೇಶದ ವಿಡಿಯೊ, ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಚಿತ್ರಗಳು ಎಲ್ಲವನ್ನೂ ಸೇರಿಸಿ ಇಪ್ಪತ್ತು ಜಿಬಿಯಷ್ಟು ಡಿಲೀಟ್ ಹೊಡೆದು ನೋಡಿದರೆ ಸಿ ಡ್ರೈವಿನ ಕೆಂಪು ಪಟ್ಟಿ ಕೂದಲೆಳೆಯಷ್ಟೂ ಸರಿದಿಲ್ಲ. ಕಳೆಯುವ ಲೆಕ್ಕ ಹೀಗೆ ಕೈಕೊಟ್ಟರೆ ಗಣಿತದ ಮೇಷ್ಟ್ರಿಗೆ ನಿದ್ದೆ ಬರುತ್ತದೆಯೇ? ಬೆಳಿಗ್ಗೆ ಎದ್ದವರೇ ಗೋಡೆ ಹತ್ತಿರ ಬಂದರು.

ಹಳೆಯ ಮನೆಗಳಲ್ಲಿ ಅಟ್ಟ ಇರುತ್ತಿತ್ತಲ್ಲ, ಅದನ್ನು ನೆನಪಿಸಿದೆ. ಮುರಿದ ತೊಟ್ಟಿಲು, ಹಿಡಿ ಕಳಚಿದ ಕೊಡೆ, ತಳ ತೂತಾದ ಹಂಡೆ. ಎಸೆಯಲು ಮನಸ್ಸಿಲ್ಲ, ಎದುರಿಗೆ ಇಟ್ಟುಕೊಳ್ಳಲು ಜಾಗವಿಲ್ಲ. ಅಂಥದ್ದೆಲ್ಲ ಅಟ್ಟಕ್ಕೆ. ಅಟ್ಟಕ್ಕೆ ಏರಿಸಿದ ಮಾತ್ರಕ್ಕೆ ಮನೆಯ ಭಾರ ಇಳಿಯಿತೇ? ಪಡಸಾಲೆ ಚೊಕ್ಕಟವಾಗಿ ಕಂಡಿತು, ಅಷ್ಟೇ. ಕಂಪ್ಯೂಟರ್ ಮಾಡಿದವರು ತಮ್ಮ ಅಟ್ಟಕ್ಕೆ ಕಸದ ಬುಟ್ಟಿಯ ಚಿತ್ರ ಅಂಟಿಸಿಬಿಟ್ಟರು, ನಾವು ಅದನ್ನು ನಂಬಿಬಿಟ್ಟೆವು. ಅವರಿಗೆ ನಮ್ಮ ಕಸದ ಚಿಂತೆ ಇರಲೇ ಇಲ್ಲ. ಈ ಮನುಷ್ಯ ಇವತ್ತು ಎಸೆದದ್ದನ್ನು ನಾಳೆ ಹುಡುಕಿಕೊಂಡು ಬಂದೇ ಬರುತ್ತಾನೆ ಅನ್ನುವ ಅನುಮಾನ ಇತ್ತು.

"ಹಾಗಾದ್ರೆ ನಾನು ಡಿಲೀಟ್ ಒತ್ತಿದಾಗ ಅದು ಏನು ಮಾಡುತ್ತೆ?" ಅಂದರು ಮೇಷ್ಟ್ರು. ಸೊಪ್ಪಿನವಳು ಬಂದು ಕೂಗಿ ಹೋದರೂ ಅವರು ಕದಲಲಿಲ್ಲ.

ಏನೂ ಮಾಡುವುದಿಲ್ಲ ಅಂದರೂ ತಪ್ಪಿಲ್ಲ. ವಿಂಡೋಸಿನಲ್ಲಿ ಹಾರ್ಡ್ ಡಿಸ್ಕಿನ ಪ್ರತಿ ಡ್ರೈವಿನೊಳಗೂ $ರೀಸೈಕಲ್.ಬಿನ್ ಅಂತ ಒಂದು ಬಚ್ಚಿಟ್ಟ ಫೋಲ್ಡರ್ ಇರುತ್ತದೆ. ನೀವು ಡಿಲೀಟ್ ಒತ್ತಿದ ಫೈಲು ತಾನಿದ್ದ ಜಾಗದಿಂದ ಒಂದಿಂಚೂ ಅಲ್ಲಾಡದೆ, ಬರೀ ಹೆಸರು ಮತ್ತು ವಿಳಾಸ ಬದಲಿಸಿಕೊಂಡು ಆ ಫೋಲ್ಡರಿನ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ಜಿಬಿ ಕಾಪಿ ಮಾಡಲು ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕು, ಡಿಲೀಟ್ ಮಾತ್ರ ಚಿಟಿಕೆಯಲ್ಲಿ ಮುಗಿಯುವುದು ಇದಕ್ಕೇ. ಒಂದು ಫೈಲಿಗೆ ಅಲ್ಲಿ ಎರಡು ಫೈಲು. $ಆರ್ ಅಂತ ಶುರುವಾಗುವ ಒಂದರಲ್ಲಿ ನಿಮ್ಮ ಅಸಲು ಸರಕು. $ಐ ಅಂತ ಶುರುವಾಗುವ ಇನ್ನೊಂದು ಪುಟ್ಟ ಫೈಲಿನಲ್ಲಿ ಇದು ಮೊದಲು ಎಲ್ಲಿತ್ತು, ಎಷ್ಟು ದೊಡ್ಡದು, ಯಾವ ದಿನ ಎಷ್ಟು ಹೊತ್ತಿಗೆ ಎಸೆದರು ಅನ್ನುವ ಟಿಪ್ಪಣಿ. ರಿಸ್ಟೋರ್ ಒತ್ತಿದರೆ ಆ ಟಿಪ್ಪಣಿ ಓದಿ, ಫೈಲನ್ನು ಹಳೆಯ ಜಾಗಕ್ಕೇ ಕೊಂಡೊಯ್ದು ಕೂರಿಸುತ್ತದೆ. ಆ ಫೋಲ್ಡರನ್ನೇ ನೀವು ಅಳಿಸಿಬಿಟ್ಟಿದ್ದರೆ ಅದನ್ನು ಹೊಸದಾಗಿ ಕಟ್ಟಿಕೊಟ್ಟು ಕೂರಿಸುತ್ತದೆ.

ಇನ್ನೊಂದು ವಿಷಯ. ಬುಟ್ಟಿಯೊಳಗಿನ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ತೆರೆದುಕೊಳ್ಳುವುದಿಲ್ಲ, ಅದರ ಜಾತಕ ಮಾತ್ರ ತೋರಿಸುತ್ತದೆ. "ಫೈಲು ಕೆಟ್ಟುಹೋಗಿದೆ" ಅಂತ ಎದೆ ಬಡಿದುಕೊಂಡವರನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ. ಮೊದಲು ರಿಸ್ಟೋರ್ ಮಾಡಿ ಕೆಳಗಿಳಿಸಬೇಕು, ಆಮೇಲೆ ತೆರೆಯಬೇಕು.

ಈ ಅನುಮಾನದ ವ್ಯವಸ್ಥೆ ಮೊದಲಿನಿಂದ ಇರಲಿಲ್ಲ. ಡಾಸ್ ಕಾಲದಲ್ಲಿ ಅಳಿಸಿದರೆ ಅಳಿಸಿದ್ದೇ. ಆದರೂ ಅಲ್ಲೊಂದು ತಮಾಷೆ ಇತ್ತು, ಅದನ್ನು ನೆನೆದರೆ ನನಗೆ ಈಗಲೂ ಖುಷಿ. ಡಾಸ್ ಒಂದು ಫೈಲನ್ನು ಅಳಿಸುವಾಗ ಫೈಲನ್ನು ಮುಟ್ಟುತ್ತಲೇ ಇರಲಿಲ್ಲ. ಹೆಸರುಗಳ ಪಟ್ಟಿಗೆ ಹೋಗಿ ಆ ಹೆಸರಿನ ಮೊದಲಕ್ಷರವನ್ನು ಮಾತ್ರ ಹೊಡೆದು, ಅದರ ಜಾಗದಲ್ಲಿ 229 ಅನ್ನುವ ಸಂಖ್ಯೆಯ ಗುರುತು ಹಾಕಿ, ಆ ಫೈಲು ಕೂತಿದ್ದ ಜಾಗ ಇನ್ನು ಖಾಲಿ ಅಂತ ಬರೆದುಕೊಳ್ಳುತ್ತಿತ್ತು. ಮೊದಲಕ್ಷರ ಹೋಯಿತೋ, ಫೈಲು ಹೋಯಿತು! ಈ ಗುಟ್ಟನ್ನು ಹಿಡಿದೇ ಪೀಟರ್ ನಾರ್ಟನ್ 1982ರಲ್ಲಿ ಅಳಿಸಿದ್ದನ್ನು ಮರಳಿಸುವ ಪ್ರೋಗ್ರಾಂ ತಂದು ಹೆಸರು ಮಾಡಿದರು. 1991ರಲ್ಲಿ ಡಾಸ್ 5 ಬಂದಾಗ ಮೈಕ್ರೋಸಾಫ್ಟ್ ಕೂಡ ಅನ್‌ಡಿಲೀಟ್ ಅನ್ನುವ ಆಜ್ಞೆ ಕೊಟ್ಟಿತು. ಅದು ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ತೋರಿಸಿ, ದಯವಿಟ್ಟು ಮೊದಲಕ್ಷರ ಹೇಳಿ ಅಂತ ನಮ್ಮನ್ನೇ ಕೇಳುತ್ತಿತ್ತು.

"ಅಂದ್ರೆ ಬಿಟ್ಟ ಸ್ಥಳ ತುಂಬಿರಿ!" ಅಂದರು ಮೇಷ್ಟ್ರು. ಅವರ ಮುಖ ಅರಳಿತು. "ತಪ್ಪು ತುಂಬಿದ್ರೆ?"

"ತಪ್ಪು ಹೆಸರಿನಲ್ಲೇ ಫೈಲು ವಾಪಸ್ ಬರ್ತಿತ್ತು ಮೇಷ್ಟ್ರೇ. ಒಳಗಿನ ಸರಕು ಸರಿಯಾಗೇ ಇರ್ತಿತ್ತು."

"ಪೂರ್ತಿ ಅಂಕ ಕೊಡಬಹುದು ಹಾಗಾದ್ರೆ."

ಮೇಜಿನ ಮೇಲೆ ಬುಟ್ಟಿ ಇಡುವ ಯೋಚನೆ ಬಂದದ್ದು ಆಪಲ್ ಕಡೆಯಿಂದ. 1983ರ ಲೀಸಾ ಯಂತ್ರದಲ್ಲಿ ಒಂದು ಬುಟ್ಟಿ ಇತ್ತು, ಮರುವರ್ಷದ ಮ್ಯಾಕಿಂಟಾಷ್ ಅದನ್ನು ಮನೆಮಾತು ಮಾಡಿತು. ಮ್ಯಾಕಿಂಟಾಷಿನ ಚಿಹ್ನೆಗಳನ್ನೆಲ್ಲ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬಿಡಿಸಿದವರು ಸೂಸನ್ ಕೇರ್. ಆದರೆ ಆ ಕಾಲದ ಬುಟ್ಟಿಗೆ ತಾಳ್ಮೆ ಕಡಿಮೆ. ಇನ್ನೊಂದು ಪ್ರೋಗ್ರಾಂ ತೆರೆದರೆ, ಯಂತ್ರ ಆರಿಸಿದರೆ ತಾನೇ ಖಾಲಿಯಾಗಿಬಿಡುತ್ತಿತ್ತು. ನೀವೇ ಹೇಳುವ ತನಕ ಸುಮ್ಮನೆ ಕಾದಿಟ್ಟುಕೊಳ್ಳುವ ಬುಟ್ಟಿ ಬಂದದ್ದು 1991ರ ಸಿಸ್ಟಮ್ 7ರಲ್ಲಿ.

ಅದೇ ಮ್ಯಾಕಿನಲ್ಲಿ ಇನ್ನೊಂದು ವಿಚಿತ್ರ. ಫ್ಲಾಪಿ ಹೊರಗೆ ತೆಗೆಯಬೇಕಾದರೆ ಅದರ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಬೇಕಿತ್ತು! ಹೊಸದಾಗಿ ಕಲಿಯುವವರ ಕೈ ನಡುಗುತ್ತಿತ್ತು. ವರ್ಷದ ಲೆಕ್ಕಪತ್ರವೆಲ್ಲ ಇರುವ ಫ್ಲಾಪಿಯನ್ನು ಕಸಕ್ಕೆ ಹಾಕು ಅಂದರೆ ಯಾರಿಗೆ ಧೈರ್ಯ ಬರುತ್ತದೆ? ಹಾಕಿದರೆ ಏನೂ ಆಗುತ್ತಿರಲಿಲ್ಲ, ಫ್ಲಾಪಿ ಮಾತ್ರ ಕೊರ್ ಅಂತ ಹೊರಗೆ ನಾಲಗೆ ಚಾಚುತ್ತಿತ್ತು. ಈಚಿನ ಮ್ಯಾಕುಗಳಲ್ಲಿ ಡಿಸ್ಕನ್ನು ಎಳೆದು ತರುವಾಗ ಬುಟ್ಟಿಯ ಚಿತ್ರ ಹೊರತಳ್ಳುವ ಬಾಣದ ಗುರುತಾಗಿ ಬದಲಾಗುತ್ತದೆ. ಇದನ್ನು ಮೊದಲ ದಿನವೇ ಮಾಡಿದ್ದರೆ ಎಷ್ಟೋ ಜನರ ರಕ್ತದೊತ್ತಡ ಹತೋಟಿಯಲ್ಲಿರುತ್ತಿತ್ತು.

ಬುಟ್ಟಿಗಾಗಿ ಕೋರ್ಟು ಕಟ್ಟೆ ಹತ್ತಿದ್ದೂ ಉಂಟು. ನಮ್ಮ ಪರದೆಯ ಚಂದವನ್ನೆಲ್ಲ ಕದ್ದಿದ್ದಾರೆ ಅಂತ ಆಪಲ್ 1988ರಲ್ಲಿ ಮೈಕ್ರೋಸಾಫ್ಟ್ ಮೇಲೂ ಹ್ಯೂಲೆಟ್ ಪ್ಯಾಕಾರ್ಡ್ ಮೇಲೂ ದಾವೆ ಹೂಡಿತು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಆಪಲ್ ಹೆಚ್ಚುಕಮ್ಮಿ ಎಲ್ಲವನ್ನೂ ಸೋತಿತು. ಅದರ ಕೈಯಲ್ಲಿ ಉಳಿದದ್ದು ಹ್ಯೂಲೆಟ್ ಪ್ಯಾಕಾರ್ಡಿನ ನ್ಯೂವೇವ್ ಅನ್ನುವ ತಂತ್ರಾಂಶದಲ್ಲಿದ್ದ ಎರಡು ಚಿತ್ರಗಳ ವಿಷಯ ಮಾತ್ರ: ಕಸದ ಬುಟ್ಟಿ ಮತ್ತು ಫೋಲ್ಡರು. "ಅಷ್ಟು ಖರ್ಚು ಮಾಡಿ ಕಸದ ಬುಟ್ಟಿ ಗೆದ್ದರೇ?" ಅಂತ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆ ಗೋಡೆಯ ಒಂದಡಿ ಜಾಗಕ್ಕೆ ಮೂರು ತಲೆಮಾರು ಕೋರ್ಟಿಗೆ ಅಲೆದವರನ್ನು ಕಂಡವರು ಅವರು, ನಗುವ ಹಕ್ಕಿದೆ. ಮೈಕ್ರೋಸಾಫ್ಟ್ 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಿಡುಗಡೆ ಮಾಡುವಾಗ ತನ್ನದೇ ಚಿತ್ರ, ತನ್ನದೇ ಹೆಸರಿನ ರೀಸೈಕಲ್ ಬಿನ್ ತಂದುಕೊಂಡಿತು.

ಇತಿಹಾಸ ಇರಲಿ. ಮೇಷ್ಟ್ರ ನಿಜವಾದ ಸಂಕಟ ಬೇರೆ ಇತ್ತು, ಅದು ಪೆನ್ ಡ್ರೈವಿನದು.

ಅವರ ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇಲ್ಲ, ಉಬುಂಟು. ಮೇಷ್ಟ್ರು ತಮ್ಮ ಪೆನ್ ಡ್ರೈವನ್ನು ಅದಕ್ಕೆ ಚುಚ್ಚಿ, ಹಳೆಯದನ್ನೆಲ್ಲ ಆಯ್ದು ಡಿಲೀಟ್ ಮಾಡಿ, ಒಂದೂ ಉಳಿದಿಲ್ಲ ಅಂತ ಕಣ್ಣಾರೆ ಕಂಡು, ಕಿತ್ತು ಜೇಬಿಗೆ ಹಾಕಿಕೊಂಡು ನೇರ ಫೋಟೊ ಸ್ಟುಡಿಯೋಗೆ ನಡೆದರು. ಮೊಮ್ಮಗನ ಉಪನಯನದ ಫೋಟೊ ತುಂಬಿಸಿಕೊಂಡು ಬರಬೇಕಿತ್ತು. ಸ್ಟುಡಿಯೋ ಹುಡುಗ ತನ್ನ ವಿಂಡೋಸಿಗೆ ಅದನ್ನು ಹಾಕಿ, "ಫುಲ್ ಇದೆ ಸಾರ್" ಅಂದ. "ಖಾಲಿ ಇದೆಯಪ್ಪ, ಈಗ ತಾನೇ ನಾನೇ ಅಳಿಸಿದೀನಿ." "ಇಲ್ಲ ಸಾರ್, ನೋಡಿ, ಏನೋ ಫೋಲ್ಡರ್ ಇದೆ, ಹೆಸರೇ ಒಂಥರಾ ಇದೆ. ಮುಂದೆ ಚುಕ್ಕಿ ಇದೆ. ವೈರಸ್ ಇರಬೇಕು. ಫಾರ್ಮ್ಯಾಟ್ ಹೊಡೆದುಬಿಡ್ಲಾ?"

ಆ ಫೋಲ್ಡರಿನ ಹೆಸರು .ಟ್ರ್ಯಾಶ್-1000. ವೈರಸ್ಸೂ ಅಲ್ಲ, ಗಾಳಿಯೂ ಅಲ್ಲ. ಲಿನಕ್ಸಿನ ಬುಟ್ಟಿ.

ಲಿನಕ್ಸಿನ ಡೆಸ್ಕ್‌ಟಾಪುಗಳೆಲ್ಲ ಬುಟ್ಟಿ ಹೇಗಿರಬೇಕು ಅಂತ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿವೆ. ನಿಮ್ಮ ಸ್ವಂತ ಹೋಮ್ ಫೋಲ್ಡರಿನಲ್ಲಿ ಎಸೆದದ್ದಕ್ಕೆ ಅಲ್ಲೇ ಒಳಗೊಂದು ಗುಪ್ತ ಜಾಗ. ಪೆನ್ ಡ್ರೈವಿನಲ್ಲಿ ಎಸೆದದ್ದನ್ನು ಕಂಪ್ಯೂಟರಿಗೆ ಎಳೆದು ತರುವುದು ತಡ, ದಂಡ. ಹಾಗಾಗಿ ಪೆನ್ ಡ್ರೈವಿನ ಒಳಗೇ ಒಂದು ಬುಟ್ಟಿ ತೆರೆದು ಅಲ್ಲೇ ಇಡುತ್ತವೆ. ಹೆಸರಿನ ಮುಂದೆ ಚುಕ್ಕಿ ಇದ್ದರೆ ಲಿನಕ್ಸಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಆ 1000 ಅನ್ನುವುದು ಬಳಕೆದಾರರ ಸಂಖ್ಯೆ. ಉಬುಂಟುವಿನಲ್ಲಿ ಮೊದಲು ಖಾತೆ ತೆರೆದವರಿಗೆ 1000, ಎರಡನೆಯವರಿಗೆ 1001. ಒಳಗೆ ಎರಡು ಫೋಲ್ಡರು: ಒಂದರಲ್ಲಿ ಎಸೆದ ಫೈಲುಗಳು, ಇನ್ನೊಂದರಲ್ಲಿ ಒಂದೊಂದಕ್ಕೂ ಒಂದು ಚೀಟಿ. ಎಲ್ಲಿಂದ ಬಂತು, ಯಾವತ್ತು ಬಂತು ಅಂತ ಸಾದಾ ಅಕ್ಷರದಲ್ಲಿ ಬರೆದಿರುತ್ತದೆ, ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ವಿಂಡೋಸಿಗೆ ಈ ಚುಕ್ಕಿಯ ಸಂಪ್ರದಾಯ ಗೊತ್ತಿಲ್ಲ. ಅಲ್ಲಿ ಅದು ಬಟಾಬಯಲು. ಅಣ್ಣನ ಮಗನ ಪರದೆಯಲ್ಲಿ ಕಾಣದ ಸರಕು ಸ್ಟುಡಿಯೋ ಹುಡುಗನಿಗೆ ಕಂಡದ್ದು ಇದರಿಂದ.

ಮೇಷ್ಟ್ರು ಫಾರ್ಮ್ಯಾಟ್ ಹೊಡೆಸಲಿಲ್ಲ, ಪುಣ್ಯಕ್ಕೆ. ಹೊಡೆಸಿದ್ದರೂ ಈ ಸಲ ನಷ್ಟವಿರಲಿಲ್ಲ ಬಿಡಿ, ಆದರೆ ಕಂಡ ಕಂಡ ಅಂಗಡಿಯಲ್ಲಿ ಫಾರ್ಮ್ಯಾಟಿಗೆ ಹೂಂ ಅನ್ನುವ ಅಭ್ಯಾಸ ಒಳ್ಳೆಯದಲ್ಲ. ಆ ಫೋಲ್ಡರನ್ನು ವಿಂಡೋಸಿನಲ್ಲಿ ಅಳಿಸಿದರೆ ಸಾಕಿತ್ತು. ಪೆನ್ ಡ್ರೈವಿನ ವಿಷಯದಲ್ಲಿ ವಿಂಡೋಸಿಗೆ ಅನುಮಾನವೇ ಇಲ್ಲ, ಬುಟ್ಟಿಗೂ ಕಳಿಸದೆ ನೇರ ಅಳಿಸಿಹಾಕುತ್ತದೆ. ಅಥವಾ ಉಬುಂಟುವಿನಲ್ಲೇ ಪೆನ್ ಡ್ರೈವ್ ಚುಚ್ಚಿಟ್ಟುಕೊಂಡು ಬುಟ್ಟಿ ಖಾಲಿ ಮಾಡಬಹುದು. ಚುಚ್ಚಿಟ್ಟುಕೊಂಡು ಅನ್ನುವುದನ್ನು ಎರಡು ಸಲ ಹೇಳಿದೆ. ಕಿತ್ತ ಮೇಲೆ ಖಾಲಿ ಮಾಡಿದರೆ ಖಾಲಿಯಾಗುವುದು ಲ್ಯಾಪ್‌ಟಾಪಿನದು ಮಾತ್ರ, ಪೆನ್ ಡ್ರೈವಿನ ಬುಟ್ಟಿ ಅದರ ಜೊತೆ ಜೇಬಿನಲ್ಲಿ ಹೋಗಿರುತ್ತದೆ. ಮ್ಯಾಕಿನಲ್ಲೂ ಇದೇ ಕಥೆ, ಅಲ್ಲಿ ಫೋಲ್ಡರಿನ ಹೆಸರು .ಟ್ರ್ಯಾಶಸ್.

ಹೊರಗಿನ ದೊಡ್ಡ ಹಾರ್ಡ್ ಡಿಸ್ಕುಗಳಿಗೆ ಮಾತ್ರ ವಿಂಡೋಸ್ ಬುಟ್ಟಿ ಕೊಡುತ್ತದೆ. ಅಲ್ಲೊಂದು ಸೂಕ್ಷ್ಮ ಇದೆ. ಬುಟ್ಟಿಯೊಳಗೆ ಒಬ್ಬೊಬ್ಬ ಬಳಕೆದಾರನಿಗೂ ಒಂದೊಂದು ಕೋಣೆ, ಬಾಗಿಲಿಗೆ ಉದ್ದನೆಯ ಸಂಖ್ಯೆಯ ಫಲಕ. ಹಳೆಯ ಕಂಪ್ಯೂಟರಿನಲ್ಲಿ ಎಸೆದು, ಖಾಲಿ ಮಾಡದೆ, ಡಿಸ್ಕನ್ನು ತಂದು ಹೊಸ ಕಂಪ್ಯೂಟರಿಗೆ ಜೋಡಿಸಿದರೆ, ಆ ಕಸ ಹಳೆಯ ನಿಮ್ಮ ಹೆಸರಿನ ಕೋಣೆಯಲ್ಲೇ ಇರುತ್ತದೆ. ಹೊಸ ನಿಮಗೆ ಅದು ಕಾಣುವುದಿಲ್ಲ. ಬುಟ್ಟಿ ಖಾಲಿ, ಡಿಸ್ಕು ಭರ್ತಿ. ಇದನ್ನು ಬಿಡಿಸಿ ಹೇಳುವಾಗ ಮೇಷ್ಟ್ರು ನನ್ನನ್ನು ತಡೆದು, "ಕಸಕ್ಕೂ ಖಾತೆ ಬದಲಾವಣೆ ಆಗಬೇಕು ಅನ್ನಪ್ಪ" ಅಂದರು. ತಾಲ್ಲೂಕು ಕಚೇರಿಗೆ ಅಲೆದ ಅನುಭವ ಆ ಮಾತಿನಲ್ಲಿತ್ತು.

ಸ್ಟುಡಿಯೋ ಹುಡುಗನನ್ನೂ ಪೂರ್ತಿ ಬಯ್ಯುವಂತಿಲ್ಲ. ಸೈಬರ್ ಕೆಫೆಗಳ ಕಾಲದಲ್ಲಿ ಪೆನ್ ಡ್ರೈವುಗಳಿಗೆ ಹತ್ತಿಕೊಂಡ ಹುಳುಗಳು ಅಡಗಿ ಕೂರುತ್ತಿದ್ದದ್ದೇ ಬುಟ್ಟಿಯ ಹೆಸರಿನ ಫೋಲ್ಡರಿನಲ್ಲಿ. 2008ರ ಕೊನೆಗೆ ಹಬ್ಬಿದ ಕಾನ್‌ಫಿಕರ್ ಕೂಡ ಪೆನ್ ಡ್ರೈವಿನಲ್ಲಿ ರೀಸೈಕ್ಲರ್ ಅಂತ ಫೋಲ್ಡರು ಮಾಡಿಕೊಂಡು ಒಳಗೆ ಮಲಗುತ್ತಿತ್ತು. ಕಸದ ಬುಟ್ಟಿಯೊಳಗೆ ಯಾರು ತಾನೇ ಇಣುಕಿ ನೋಡುತ್ತಾರೆ? ಕಳ್ಳನಿಗೆ ಬುದ್ಧಿ ಇತ್ತು. ಪೆನ್ ಡ್ರೈವಿನಲ್ಲಿ ವಿಂಡೋಸ್ ಬುಟ್ಟಿ ಇಡುವುದೇ ಇಲ್ಲವಾದ್ದರಿಂದ, ಅಲ್ಲಿ ರೀಸೈಕ್ಲರ್ ಕಂಡರೆ ಆ ಕಾಲದಲ್ಲಿ ಅನುಮಾನ ಪಡಲೇಬೇಕಿತ್ತು.

ಖಾಲಿ ಮಾಡಲು ಹೋದರೆ ಬುಟ್ಟಿ ಒಪ್ಪದಿರುವ ತಕರಾರುಗಳೂ ಉಂಟು. ಫೈಲು ಇನ್ನೊಂದು ಪ್ರೋಗ್ರಾಂನಲ್ಲಿ ತೆರೆದಿದ್ದರೆ ಅಳಿಸಲು ಬಿಡುವುದಿಲ್ಲ. ಅದನ್ನು ಮುಚ್ಚಿ, ಯಾವುದು ಹಿಡಿದುಕೊಂಡಿದೆ ಅಂತ ತಿಳಿಯದಿದ್ದರೆ ಒಮ್ಮೆ ಮರುಚಾಲೂ ಮಾಡಿ. ಬಲ ಗುಂಡಿ ಒತ್ತಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್ ಅಂತ ಜಪ ಮಾಡಿದರೆ ಏನೂ ಆಗುವುದಿಲ್ಲ. ಈ ಜಪವನ್ನು ನಮ್ಮ ಜನಕ್ಕೆ ಯಾವ ಕಂಪ್ಯೂಟರ್ ಕ್ಲಾಸಿನವರು ಕಲಿಸಿದರೋ ಕಾಣೆ. ಲಿನಕ್ಸಿನಲ್ಲಿ ಅನುಮತಿ ಇಲ್ಲ ಅಂದರೆ ಆ ಫೈಲು ನಿಮ್ಮದಲ್ಲ, ರೂಟ್ ಯಜಮಾನನದು. ಅವನ ಅಧಿಕಾರದಲ್ಲೇ ಅಳಿಸಬೇಕು. ಡೆಸ್ಕ್‌ಟಾಪಿನಿಂದ ಬುಟ್ಟಿಯೇ ಮಾಯವಾದರೆ ಗಾಬರಿ ಬೇಡ, ಅದರ ಚಿತ್ರ ಮಾತ್ರ ಹೋಗಿರುತ್ತದೆ. ವಿಂಡೋಸ್ ಸೆಟ್ಟಿಂಗ್ಸಿನ ಥೀಮ್ಸ್ ವಿಭಾಗದಲ್ಲಿ ಡೆಸ್ಕ್‌ಟಾಪ್ ಐಕಾನುಗಳ ಪಟ್ಟಿ ಇದೆ, ಅಲ್ಲಿ ಟಿಕ್ ಹಾಕಿದರೆ ಮರಳುತ್ತದೆ.

ಕೆಲವೊಮ್ಮೆ ಬುಟ್ಟಿ ಕೆಟ್ಟಿದೆ, ಖಾಲಿ ಮಾಡಲೇ ಅಂತ ವಿಂಡೋಸೇ ಕೇಳುತ್ತದೆ. ಒಪ್ಪಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಳಗಿದ್ದದ್ದು ಹೋಯಿತು ಅಂತಲೇ ಲೆಕ್ಕ. ಅದಕ್ಕೂ ಬಗ್ಗದಿದ್ದರೆ ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು $ರೀಸೈಕಲ್.ಬಿನ್ ಫೋಲ್ಡರನ್ನೇ ಅಳಿಸಿಬಿಡಬಹುದು. ವಿಂಡೋಸ್ ಹೊಸದೊಂದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೇಷ್ಟ್ರು ಆ ಆಜ್ಞೆಯನ್ನು ಬರೆದುಕೊಳ್ಳಲು ಹಾಲಿನ ಲೆಕ್ಕದ ಪುಸ್ತಕ ತಂದರು. ನಾನು ಹೇಳಿಕೊಡಲಿಲ್ಲ. ಡ್ರೈವಿನ ಹೆಸರಿಗೂ ಡಾಲರ್ ಚಿಹ್ನೆಗೂ ನಡುವೆ ಕೈತಪ್ಪಿ ಒಂದು ಖಾಲಿ ಜಾಗ ಬಿದ್ದರೆ ಬುಟ್ಟಿಯ ಬದಲು ಇಡೀ ಡ್ರೈವನ್ನೇ ಗುಡಿಸಲು ಹೊರಡುವ ಆಜ್ಞೆ ಅದು. ಅಂಥದ್ದನ್ನು ಗೋಡೆ ಆಚೆಯಿಂದ ಕೂಗಿ ಹೇಳಬಾರದು, ಎದುರಿಗೆ ಕೂತು ಟೈಪ್ ಮಾಡಬೇಕು.

ಇದಕ್ಕಿಂತ ಕಷ್ಟದವರು ಬುಟ್ಟಿಯನ್ನೇ ಉಗ್ರಾಣ ಮಾಡಿಕೊಂಡವರು. ಪೇಟೆಯಲ್ಲಿ ಒಬ್ಬ ಡಿಟಿಪಿ ಹುಡುಗ ಇದ್ದ. ಲಗ್ನಪತ್ರಿಕೆ, ಭಿತ್ತಿಪತ್ರ, ಶ್ರದ್ಧಾಂಜಲಿ ಕಾರ್ಡು, ಏನು ಮುಗಿದರೂ ಡಿಲೀಟ್ ಒತ್ತುತ್ತಿದ್ದ, ಬುಟ್ಟಿ ಮಾತ್ರ ಖಾಲಿ ಮಾಡುತ್ತಿರಲಿಲ್ಲ. ಹಳೆಯ ಗಿರಾಕಿ ತಂಗಿಯ ಮದುವೆಗೆ ಬಂದರೆ ಬುಟ್ಟಿಯಿಂದ ಅಣ್ಣನ ಪತ್ರಿಕೆ ಎತ್ತಿ, ವಧೂವರರ ಹೆಸರು ಬದಲಿಸಿ ಕೊಡುತ್ತಿದ್ದ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಹಾಗೇ ಸಿಗುತ್ತಿತ್ತು, ಕೆಲಸ ಬೇಗ ಆಗುತ್ತಿತ್ತು. ಬುಟ್ಟಿಗೂ ಒಂದು ಅಳತೆ ಇದೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಎಕ್ಸ್‌ಪಿ ಕಾಲದಲ್ಲಿ ಪ್ರತಿ ಡ್ರೈವಿನ ಶೇ. 10ರಷ್ಟು ಜಾಗ ಅದಕ್ಕೆ ಮೀಸಲು. ಅದು ತುಂಬಿತೋ, ಯಾರನ್ನೂ ಕೇಳದೆ ಅತ್ಯಂತ ಹಳೆಯದನ್ನು ಹೊರಗೆ ತಳ್ಳಿ ಹೊಸದಕ್ಕೆ ಜಾಗ ಮಾಡುತ್ತದೆ. ಅಳತೆಗಿಂತ ದೊಡ್ಡ ಫೈಲಾದರೆ ಬುಟ್ಟಿಗೆ ಬರುವುದೇ ಇಲ್ಲ, ಶಾಶ್ವತವಾಗಿ ಅಳಿಸಲೇ ಅಂತ ಕೇಳುತ್ತದೆ. ನಾವು ಓದದೆ ಯೆಸ್ ಒತ್ತುತ್ತೇವೆ.

ಈಗ ಇನ್ನೂ ಒಂದು ಗಡುವು ಸೇರಿಕೊಂಡಿದೆ. ವಿಂಡೋಸಿನ ಸ್ಟೋರೇಜ್ ಸೆನ್ಸ್ ಚಾಲೂ ಇದ್ದರೆ ಬುಟ್ಟಿಯಲ್ಲಿ 30 ದಿನ ದಾಟಿದ್ದನ್ನು ತಾನೇ ಅಳಿಸುತ್ತದೆ. ಮ್ಯಾಕಿನಲ್ಲೂ 2016ರಿಂದ ಈ ಸೌಲಭ್ಯ ಇದೆ, ಬೇಕಾದವರು ಚಾಲೂ ಮಾಡಿಕೊಳ್ಳಬೇಕು. ಗೂಗಲ್ ಡ್ರೈವ್ ಮೊದಲು ನಾವು ಹೇಳುವ ತನಕ ಇಟ್ಟುಕೊಳ್ಳುತ್ತಿತ್ತು, 2020ರ ಅಕ್ಟೋಬರಿನಿಂದ ಅಲ್ಲೂ 30 ದಿನ. ಇನ್ನು ಒನ್‌ಡ್ರೈವಿಗೆ ಜೋಡಿಸಿ ಹಂಚಿಕೊಂಡ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದರೆ ಅಮೆರಿಕದಲ್ಲಿರುವ ಮಗಳ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಮೇಷ್ಟ್ರು ಸುಮ್ಮನಾದರು. "ನನ್ನ ಕಂಪ್ಯೂಟರು ಚೊಕ್ಕ ಮಾಡಿಕೊಂಡ್ರೆ ಅವಳ ಫೋಟೊ ಯಾಕಪ್ಪ ಹೋಗಬೇಕು?" ಅದು ಒಂದೇ ಫೋಟೊ ಮೇಷ್ಟ್ರೇ, ಎರಡು ಕಡೆ ಕಾಣುತ್ತೆ ಅಷ್ಟೇ. ಮೋಡದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ನೆನಪಾದರೆ ತರಬಹುದು ಅಂದಾಗ ಅವರ ಉಸಿರು ಬಂತು.

ಖಾಲಿ ಮಾಡಿದ ಮೇಲೆ ನೆನಪಾದರೆ? ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದರೆ? ಆಗ ಮೊದಲು ಮಾಡಬೇಕಾದದ್ದು ಕೈ ಕಟ್ಟಿ ಕೂರುವುದು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಡಾಸ್ ಕಾಲದ ನಿಯಮವೇ ನಡೆಯುತ್ತದೆ: ಜಾಗ ಖಾಲಿ ಅಂತ ಬರೆದುಕೊಂಡಿರುತ್ತದೆ, ಸರಕು ಅಲ್ಲೇ ಬಿದ್ದಿರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ. ಜನ ಮಾಡುವುದೇನೆಂದರೆ, ಗಾಬರಿಯಲ್ಲಿ ಅದೇ ಡಿಸ್ಕಿಗೆ ರಿಕವರಿ ತಂತ್ರಾಂಶ ಇಳಿಸಿಕೊಂಡು, ಅದೇ ಡಿಸ್ಕಿನ ಮೇಲೆ ಕೂರಿಸಿ, ಹುಡುಕಬೇಕಾದದ್ದನ್ನು ತಾವೇ ತುಳಿದುಹಾಕುತ್ತಾರೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಹುಡುಕಬೇಕು. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಇದೆ, ಹೆಸರು ಫೋಟೊ ಅಂತಿದ್ದರೂ ದಾಖಲೆಗಳನ್ನೂ ಎತ್ತಿ ಕೊಡುತ್ತದೆ. ಡಾಸಿನಲ್ಲಿ ಮೊದಲಕ್ಷರ ಮಾತ್ರ ಕಳೆಯುತ್ತಿತ್ತು, ಇದರಲ್ಲಿ ಇಡೀ ಹೆಸರೇ ಕಳೆದಿರುತ್ತದೆ. ಬರೀ ಅಂಕಿಗಳ ಹೆಸರಿನ ಸಾವಿರಾರು ಫೈಲು ಮುಂದೆ ಸುರಿಯುತ್ತದೆ, ಆರಿಸಿಕೊಳ್ಳುವುದು ನಿಮ್ಮ ಪಾಡು.

ಎಸ್‌ಎಸ್‌ಡಿ ಇದ್ದರೆ ಈ ಆಸೆಯೂ ಕಡಿಮೆ. ಫೈಲು ಅಳಿಸಿದ ಕೂಡಲೇ ಈ ಜಾಗ ಇನ್ನು ಬೇಕಿಲ್ಲ ಅಂತ ಯಂತ್ರ ಡಿಸ್ಕಿಗೆ ಹೇಳಿಬಿಡುತ್ತದೆ. ಅದಕ್ಕೆ ಟ್ರಿಮ್ ಅಂತ ಹೆಸರು, ವಿಂಡೋಸ್ 7ರಿಂದ ಇದೆ. ಡಿಸ್ಕು ತನಗೆ ಬಿಡುವಾದಾಗ ಅದನ್ನು ನಿಜವಾಗಿಯೇ ಒರೆಸಿಹಾಕುತ್ತದೆ. ಎಸ್‌ಎಸ್‌ಡಿ ಬರಹವನ್ನು ಎಲ್ಲೆಲ್ಲಿಗೋ ಹಂಚಿ ಇಡುವುದರಿಂದ, ಬೇಕೆಂದೇ ಒಂದು ಫೈಲಿನ ಮೇಲೆ ಗೀಚಿ ಅಳಿಸುತ್ತೇನೆ ಅಂದರೂ ಅದು ಖಾತ್ರಿಯಿಲ್ಲ. ಆಪಲ್ 2003ರಲ್ಲಿ ಸುರಕ್ಷಿತವಾಗಿ ಬುಟ್ಟಿ ಖಾಲಿ ಮಾಡುವ ಸೌಲಭ್ಯ ಕೊಟ್ಟು, 2015ರಲ್ಲಿ ವಾಪಸ್ ತೆಗೆದದ್ದು ಆ ಖಾತ್ರಿ ಕೊಡಲಾಗದೆ. ಬೇಕೆಂದಾಗ ಸಿಗದು, ಬೇಡವೆಂದಾಗ ಪೂರ್ತಿ ಹೋಯಿತು ಅನ್ನಲೂ ಆಗದು. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹಳೆಯ ಹಾರ್ಡ್ ಡಿಸ್ಕ್ ಮಾರಲು ಹೊರಟವರು ಬುಟ್ಟಿ ಖಾಲಿ ಮಾಡಿದ್ದೀನಿ ಅಂತ ನಿಶ್ಚಿಂತರಾಗುವುದು ಬೇಡ. ತಿರುಗುವ ಡಿಸ್ಕಾದರೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಬರೆದು ಅಳಿಸಿ ಕೊಡಿ. ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು ಕೊಂಡವರ ಮನೆ ಸೇರಬಾರದು.

ಇಷ್ಟು ಹೊತ್ತಿಗೆ ಅಮ್ಮ ಹೊರಗೆ ಬಂದರು, ಮೇಷ್ಟ್ರ ಮನೆಯವರು. ನಾವೆಲ್ಲ ಅಮ್ಮ ಅಂತಲೇ ಕರೆಯುವುದು. ಅವರ ವಾದ ನೇರ. "ಬೇಡ ಅಂದ ಮೇಲೆ ಬೇಡ. ಮೂವತ್ತು ದಿನ ಯಾಕೆ ಇಟ್ಟುಕೋಬೇಕು? ಒಂದು ದಿನಕ್ಕೆ ಅಳಿಸೋ ಹಾಗೆ ಮಾಡಪ್ಪ." ಸ್ಟೋರೇಜ್ ಸೆನ್ಸಿನಲ್ಲಿ ಒಂದು ದಿನ ಅನ್ನುವ ಆಯ್ಕೆಯೂ ಉಂಟು, ಯಾವತ್ತೂ ಬೇಡ ಅನ್ನುವ ಆಯ್ಕೆಯೂ ಉಂಟು. ಮೇಷ್ಟ್ರಿಗೆ ಎರಡನೆಯದೇ ಬೇಕು. ಜೊತೆಗೆ ಡಿಲೀಟ್ ಒತ್ತಿದಾಗಲೆಲ್ಲ ಖಚಿತವೇ ಅಂತ ಕೇಳಬೇಕಂತೆ. ವಿಂಡೋಸ್ 8ರಿಂದ ಈಚೆಗೆ ಆ ಪ್ರಶ್ನೆ ತಾನಾಗಿ ಬರುವುದಿಲ್ಲ, ಬುಟ್ಟಿಯ ಪ್ರಾಪರ್ಟೀಸಿನಲ್ಲಿ ಟಿಕ್ ಹಾಕಬೇಕು. ಅಮ್ಮನಿಗೆ ಆ ಪ್ರಶ್ನೆ ಕಂಡರೇ ಆಗದು: "ನಾನು ಒತ್ತಿದ ಮೇಲೆ ಅದೇನು ನನ್ನ ಕೇಳೋದು?"

ಕೊನೆಗೆ ಸಂಜೆ ಹೋಗಿ ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟೆ. ಕೋಣೆಗಳು ಬೇರೆಯಾದ್ದರಿಂದ ಬುಟ್ಟಿಯೂ ಬೇರೆ, ಗಡುವೂ ಬೇರೆ. ಅಮ್ಮನದ್ದು ದಿನಕ್ಕೊಮ್ಮೆ ಖಾಲಿ, ಮೇಷ್ಟ್ರದ್ದು ಎಂದೆಂದಿಗೂ ಇಲ್ಲ. ಆದರೆ ಡಿಸ್ಕು ಮಾತ್ರ ಒಂದೇ. ಅದು ತುಂಬಿದಾಗ ಯಾರ ಬುಟ್ಟಿಯಿಂದ ತುಂಬಿತು ಅಂತ ನೋಡಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಯಾರನ್ನು ಅಡ್ಮಿನಿಸ್ಟ್ರೇಟರ್ ಮಾಡಲಿ ಅಂತ ಕೇಳಿದೆ. ಇಬ್ಬರೂ ಒಟ್ಟಿಗೇ "ನನ್ನನ್ನೇ" ಅಂದರು.